ಫೆಂಟನಿಲ್ ಅಪರಾಧಗಳು: ಅಮೆರಿಕದ ರಾಜ್ಯಗಳ ಶಿಕ್ಷಾ ಶಾಸನಗಳು

ಫೆಂಟನಿಲ್ ಮತ್ತು ಅದರ ಬಳಗದ ಕೃತಕ ಒಪಿಯಾಯ್ಡ್‌ಗಳನ್ನು ಅಕ್ರಮವಾಗಿ ಇಟ್ಟುಕೊಂಡವರಿಗೆ, ತಯಾರಿಸಿದವರಿಗೆ, ಮಾರಿದವರಿಗೆ, ಹಂಚಿ ಇನ್ನೊಬ್ಬರ ಸಾವಿಗೆ ಕಾರಣರಾದವರಿಗೆ ಅಮೆರಿಕ ಸಂಯುಕ್ತ ಸಂಸ್ಥಾನದ ರಾಜ್ಯಗಳು ಗೊತ್ತುಮಾಡಿರುವ ಶಿಕ್ಷೆಗಳ ಸಮುದಾಯ. 2013ರ ನಂತರ ಬೆಳೆಯತೊಡಗಿದ ಈ ಶಾಸನರಾಶಿ 2017ರಿಂದ 2025ರ ನಡುವೆ ಬಹುಬೇಗ ಹಿಗ್ಗಿತು. ಭಾರತದಲ್ಲಿ ಮಾದಕವಸ್ತು ಅಪರಾಧಕ್ಕೆ 1985ರ ಎನ್‌ಡಿಪಿಎಸ್ ಕಾಯ್ದೆಯೇ ಆಧಾರ. ಬೀದರಿನಲ್ಲಿ ಹಿಡಿದರೂ ಇಂಫಾಲದಲ್ಲಿ ಹಿಡಿದರೂ ಕಲಮು ಒಂದೇ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಅಪರಾಧ ಮತ್ತು ಶಿಕ್ಷೆ ಮುಖ್ಯವಾಗಿ ರಾಜ್ಯಗಳ ಅಧಿಕಾರ. ಒಕ್ಕೂಟದ ಕಾನೂನು ಬೇರೆಯಾಗಿ ಇದ್ದರೂ ಬೀದಿಯಲ್ಲಿ ಸಿಕ್ಕಿಬೀಳುವ ಬಹುಪಾಲು ಜನ ನಿಲ್ಲುವುದು ರಾಜ್ಯದ ನ್ಯಾಯಾಲಯದ ಮುಂದೆ. ಹೀಗಾಗಿ ಫೆಂಟನಿಲ್ ಬೆರೆತ ಹತ್ತು ನಕಲಿ ನೀಲಿ ಮಾತ್ರೆ ಜೇಬಿನಲ್ಲಿರುವವನು ಅಲಬಾಮದಲ್ಲಿ ಸಾಗಣೆದಾರ ಎನಿಸಿಕೊಂಡು ಕನಿಷ್ಠ ಮೂರು ವರ್ಷ ಜೈಲಿಗೆ ಹೋಗಬಹುದು. ನೆವಾಡದಲ್ಲಿ ಅದೇ ಹತ್ತು ಮಾತ್ರೆ ಸಾಗಣೆಯ ಮೊದಲ ಮೆಟ್ಟಿಲಿನ ಹತ್ತಿರಕ್ಕೂ ಬರುವುದಿಲ್ಲ.

ಮದ್ದು ಮತ್ತು ಅದರ ಅಳತೆ

ಬೆಲ್ಜಿಯಂನ ಔಷಧ ವಿಜ್ಞಾನಿ ಪಾಲ್ ಯಾನ್ಸೆನ್ 1960ರ ಹೊತ್ತಿಗೆ ಫೆಂಟನಿಲ್ ತಯಾರಿಸಿದ. ಗಸಗಸೆ ಕಾಯಿಯ ಹಾಲಿನಿಂದ ಬರುವ ಮಾರ್ಫಿನ್‌ಗಿಂತ ಇದು 50ರಿಂದ 100 ಪಟ್ಟು ಪ್ರಬಲ. ಹೆರಾಯಿನ್‌ಗಿಂತ ಸುಮಾರು 50 ಪಟ್ಟು. ಅರಿವಳಿಕೆ ತಜ್ಞರಿಗೆ ಇದು ದಿನನಿತ್ಯದ ಮದ್ದು. ಬೆಂಗಳೂರು, ಮಂಗಳೂರಿನ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲೂ ಇದನ್ನು ಮೈಕ್ರೋಗ್ರಾಂ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ. ಕ್ಯಾನ್ಸರ್ ರೋಗಿಗಳಿಗೆ ಚರ್ಮದ ಮೇಲೆ ಅಂಟಿಸುವ ಪಟ್ಟಿಯ ರೂಪದಲ್ಲೂ ಸಿಗುತ್ತದೆ. ಅಮೆರಿಕದ ಮಾದಕವಸ್ತು ಜಾರಿ ಸಂಸ್ಥೆ ಡಿಇಎ ಪ್ರಕಾರ ಎರಡು ಮಿಲಿಗ್ರಾಂ, ಅಂದರೆ ಬೆರಳ ತುದಿಗೆ ಅಂಟುವ ಉಪ್ಪಿನ ಕೆಲವು ಹರಳುಗಳಷ್ಟು, ಮನುಷ್ಯನನ್ನು ಕೊಲ್ಲಬಲ್ಲದು. ಆನೆಯಂಥ ದೊಡ್ಡ ಪ್ರಾಣಿಗಳ ಪ್ರಜ್ಞೆ ತಪ್ಪಿಸಲು ಬಳಸುವ ಕಾರ್ಫೆಂಟನಿಲ್ ಮಾರ್ಫಿನ್‌ಗಿಂತ ಹತ್ತು ಸಾವಿರ ಪಟ್ಟು ಬಲದ್ದು.

ಈ ಸಣ್ಣ ಅಳತೆಯೇ ಕಾನೂನಿನ ದೊಡ್ಡ ತೊಡಕು. ಗಾಂಜಾ, ಅಫೀಮು, ಕೊಕೇನ್ ಕಾಲದಲ್ಲಿ ಶಿಕ್ಷೆಯನ್ನು ತಕ್ಕಡಿಯಲ್ಲಿ ತೂಗುವ ಪದ್ಧತಿ ಬೆಳೆಯಿತು: ಹೆಚ್ಚು ತೂಕ, ಹೆಚ್ಚು ವರ್ಷ. ಸಸ್ಯದಿಂದ ಬಂದ ಮಾದಕಕ್ಕೆ ಈ ತರ್ಕ ಅಷ್ಟಿಷ್ಟು ಹೊಂದುತ್ತಿತ್ತು, ಏಕೆಂದರೆ ಕಿಲೋಗಟ್ಟಲೆ ಇಟ್ಟುಕೊಂಡವನು ವ್ಯಾಪಾರಿಯೇ ಆಗಿರುತ್ತಿದ್ದ. ಫೆಂಟನಿಲ್ ವಿಷಯದಲ್ಲಿ ತೂಕ ಎರಡೂ ಕಡೆ ಮೋಸ ಮಾಡುತ್ತದೆ. ಒಂದು ಗ್ರಾಂ ಶುದ್ಧ ಪುಡಿ ನೂರಾರು ಜನರ ಪ್ರಾಣ ತೆಗೆಯುವಷ್ಟಾದರೆ, ಒಂದು ಗ್ರಾಂ ಮಾತ್ರೆ ಚಟಕ್ಕೆ ಬಿದ್ದ ಒಬ್ಬನ ಒಂದೆರಡು ದಿನದ ಖರ್ಚು. ನೋವುನಿವಾರಕ ಮಾತ್ರೆಯಾದ ಆಕ್ಸಿಕೋಡೋನ್‌ನ ಅನುಕರಣೆಯಾಗಿ ‘ಎಂ 30’ ಮುದ್ರೆಯೊಂದಿಗೆ ಬರುವ ನಕಲಿ ನೀಲಿ ಮಾತ್ರೆ ಸುಮಾರು ನೂರು ಮಿಲಿಗ್ರಾಂ ತೂಗುತ್ತದೆ. ಅದರಲ್ಲಿ ಫೆಂಟನಿಲ್ ಇರುವುದು ಒಂದೆರಡು ಮಿಲಿಗ್ರಾಂ, ಉಳಿದದ್ದೆಲ್ಲ ತುಂಬುಪುಡಿ. ಹಾಗಾದರೆ ಕಾನೂನು ತೂಗಬೇಕಾದದ್ದು ವಿಷವನ್ನೋ, ಮಾತ್ರೆಯನ್ನೋ?

ಬಹುತೇಕ ರಾಜ್ಯಗಳು ಮಾತ್ರೆಯನ್ನೇ ತೂಗುತ್ತವೆ. ‘ಫೆಂಟನಿಲ್ ಒಳಗೊಂಡ ಮಿಶ್ರಣ’ ಎಂಬ ಮಾತಿನಲ್ಲಿ ತುಂಬುಪುಡಿಯೂ ಸೇರಿಬಿಡುತ್ತದೆ. ಶುದ್ಧ ಅಂಶ ಎಷ್ಟೆಂದು ಅಳೆಯಲು ಪ್ರಯೋಗಾಲಯಕ್ಕೆ ಸಮಯ, ಸಲಕರಣೆ ಎರಡೂ ಬೇಕು. ಇದೆಯೋ ಇಲ್ಲವೋ ಎಂದು ಹೇಳುವುದು ಸುಲಭ. ಇದೇ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿನ ಮುಂದೆಯೂ ಬಂದಿತ್ತು. 2008ರ ಮೈಕೆಲ್ ರಾಜ್ ತೀರ್ಪು ಶುದ್ಧ ಅಂಶವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದಿತ್ತು. 2020ರ ಏಪ್ರಿಲ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹೀರಾ ಸಿಂಗ್ ಪ್ರಕರಣದಲ್ಲಿ ಅದನ್ನು ತಳ್ಳಿಹಾಕಿ ಇಡೀ ಮಿಶ್ರಣದ ತೂಕವೇ ಗಣನೆಗೆ ಬರುತ್ತದೆ ಎಂದಿತು. ಸಾವಿರಾರು ಮೈಲಿ ದೂರದ ಎರಡು ನ್ಯಾಯವ್ಯವಸ್ಥೆಗಳು ಒಂದೇ ತಕ್ಕಡಿಯ ಮುಂದೆ ತಡವರಿಸಿದ್ದು ಗಮನಿಸಬೇಕಾದ ಸಂಗತಿ.

ಹಿನ್ನೆಲೆ

ತೂಕದ ಮೇಲೆ ಕಡ್ಡಾಯ ಶಿಕ್ಷೆ ಕೊಡುವ ಪದ್ಧತಿಗೆ ನ್ಯೂಯಾರ್ಕ್ ರಾಜ್ಯ ದಾರಿ ಹಾಕಿಕೊಟ್ಟಿತು. ಗವರ್ನರ್ ನೆಲ್ಸನ್ ರಾಕ್‌ಫೆಲರ್ 1973ರಲ್ಲಿ ತಂದ ಕಾನೂನಿನಡಿ ಕೆಲವೇ ಔನ್ಸ್ ಹೆರಾಯಿನ್‌ಗೆ 15 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಾಗುತ್ತಿತ್ತು. 1978ರಲ್ಲಿ ಮಿಶಿಗನ್ 650 ಗ್ರಾಂ ಮೀರಿದರೆ ಪೆರೋಲ್ ಇಲ್ಲದ ಜೀವಾವಧಿ ಎಂದಿತು. 672 ಗ್ರಾಂ ಕೊಕೇನ್‌ಗೆ ವಿಧಿಸಿದ ಅಂಥ ಶಿಕ್ಷೆಯನ್ನು 1991ರ ಹಾರ್ಮೆಲಿನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಿಶಿಗನ್ 1998ರಲ್ಲಿ, ನ್ಯೂಯಾರ್ಕ್ 2009ರಲ್ಲಿ ಈ ಕಾನೂನುಗಳನ್ನು ಸಾಕಷ್ಟು ಮೆದುಮಾಡಿದವು. ತಪ್ಪಾಯಿತು ಎಂದು ಆ ರಾಜ್ಯಗಳು ಹಿಂದೆ ಸರಿದು ಕೆಲವೇ ವರ್ಷ ಕಳೆದಿತ್ತು, ಅಷ್ಟರಲ್ಲಿ ಫೆಂಟನಿಲ್ ಬಂತು.

ಇನ್ನೊಂದು ಬೇರು 1986ರ ಜೂನ್‌ನದು. ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಬಾಸ್ಕೆಟ್‌ಬಾಲ್ ತಾರೆ ಲೆನ್ ಬಯಾಸ್, ಬಾಸ್ಟನ್ ಸೆಲ್ಟಿಕ್ಸ್ ತಂಡಕ್ಕೆ ಆಯ್ಕೆಯಾದ ಎರಡೇ ದಿನಕ್ಕೆ ಕೊಕೇನ್‌ನಿಂದ ತೀರಿಕೊಂಡ. ಆ ಆಘಾತದಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು ಕೆಲವೇ ತಿಂಗಳಲ್ಲಿ ಮಾದಕವಸ್ತು ದುರ್ಬಳಕೆ ವಿರೋಧಿ ಕಾಯ್ದೆ ಮಾಡಿತು. ಇಂದಿಗೂ ನಡೆಯುತ್ತಿರುವ ಒಕ್ಕೂಟದ ಅಳತೆಗೋಲು ಅದೇ: ಫೆಂಟನಿಲ್ ಇರುವ ಮಿಶ್ರಣ 40 ಗ್ರಾಂ ಇದ್ದರೆ ಕನಿಷ್ಠ 5 ವರ್ಷ, 400 ಗ್ರಾಂ ಇದ್ದರೆ ಕನಿಷ್ಠ 10 ವರ್ಷ, ಅದರ ಸದೃಶ ರಾಸಾಯನಿಕಗಳಿಗೆ 10 ಗ್ರಾಂ ಮತ್ತು 100 ಗ್ರಾಂ, ಕೊಟ್ಟ ಮದ್ದಿನಿಂದ ಸಾವು ಸಂಭವಿಸಿದರೆ ಕನಿಷ್ಠ 20 ವರ್ಷ. ಕೊಟ್ಟವನನ್ನು ಸಾವಿಗೆ ಹೊಣೆ ಮಾಡುವ ರಾಜ್ಯ ಕಾನೂನುಗಳನ್ನು ಹಲವೆಡೆ ಈಗಲೂ ‘ಲೆನ್ ಬಯಾಸ್ ಕಾನೂನು’ ಎಂದೇ ಕರೆಯುತ್ತಾರೆ.

ತೂಕದ ಮೆಟ್ಟಿಲುಗಳು

ಫೆಂಟನಿಲ್‌ಗಾಗಿಯೇ ಪ್ರತ್ಯೇಕ ಮೆಟ್ಟಿಲು ಕಟ್ಟುವುದು ರಾಜ್ಯಗಳು ಮೊದಲು ಹಿಡಿದ ದಾರಿ. ಫ್ಲಾರಿಡಾ 2017ರಲ್ಲಿ 4, 14, 28 ಗ್ರಾಂಗಳ ಮೂರು ಹಂತ ಮಾಡಿತು. 2022ರಲ್ಲಿ ಮೊದಲ ಹಂತದ ಕಡ್ಡಾಯ ಶಿಕ್ಷೆಯನ್ನು 3ರಿಂದ 7 ವರ್ಷಕ್ಕೆ, ಎರಡನೆಯದನ್ನು 15ರಿಂದ 20 ವರ್ಷಕ್ಕೆ ಏರಿಸಿತು. ಮೂರನೆಯ ಹಂತ ಮೊದಲಿನಿಂದಲೂ 25 ವರ್ಷ. ಮಿಠಾಯಿಯಂತೆ ಕಾಣುವ ಫೆಂಟನಿಲ್ ಮಾರುವುದನ್ನು 2023ರಲ್ಲಿ ಬೇರೆ ಅಪರಾಧವಾಗಿಸಿ, ಕೊಂಡದ್ದು ಮಗುವಾದರೆ ಕನಿಷ್ಠ 25 ವರ್ಷ ಎಂದು ಗೊತ್ತುಮಾಡಿತು. ಅಲಬಾಮದ 2023ರ ಕಾನೂನು ಇನ್ನೂ ಕಡಿದಾದದ್ದು: ಒಂದು ಗ್ರಾಂಗೆ ಕನಿಷ್ಠ 3 ವರ್ಷ, ಎರಡಕ್ಕೆ 10, ನಾಲ್ಕಕ್ಕೆ 25, ಎಂಟಕ್ಕೆ ಜೀವಾವಧಿ. ಮಿಸೌರಿಯ ಸಾಗಣೆ ಕಾನೂನು ಹತ್ತು ಮಿಲಿಗ್ರಾಂ ಮೀರಿದ ಕೂಡಲೇ ಆರಂಭವಾಗುತ್ತದೆ. ಮಿಶ್ರಣವನ್ನೂ ಸೇರಿಸಿ ತೂಗಿದರೆ ಅದು ಒಂದೇ ನಕಲಿ ಮಾತ್ರೆಯ ಹತ್ತನೆಯ ಒಂದು ಭಾಗ. ಐಡಾಹೊ 2024ರಲ್ಲಿ ತೂಕದ ಜೊತೆಗೆ ಮಾತ್ರೆಯ ಎಣಿಕೆಯನ್ನೂ ತಂದಿತು: 4 ಗ್ರಾಂ ಇಲ್ಲವೇ 100 ಮಾತ್ರೆಗೆ 3 ವರ್ಷ, 14 ಗ್ರಾಂ ಇಲ್ಲವೇ 250 ಮಾತ್ರೆಗೆ 5, 28 ಗ್ರಾಂ ಇಲ್ಲವೇ 500 ಮಾತ್ರೆಗೆ 10. ನೆವಾಡ 2023ರಲ್ಲಿ ಮೊದಲ ಮೆಟ್ಟಿಲನ್ನೇ 28 ಗ್ರಾಂನಲ್ಲಿ ಇಟ್ಟಿತು. ವರ್ಜೀನಿಯಾ ಅದೇ ವರ್ಷ ಫೆಂಟನಿಲ್ಲನ್ನು ‘ಭಯೋತ್ಪಾದನೆಯ ಆಯುಧ’ ಎಂದು ಶಾಸನದಲ್ಲೇ ಬರೆಯಿತು. ನ್ಯಾಯಾಲಯದಲ್ಲಿ ಅದರ ಉಪಯೋಗಕ್ಕಿಂತ ಜನರಿಗೆ ಕೊಟ್ಟ ಸಂದೇಶವೇ ದೊಡ್ಡದೆಂದು ತೋರುತ್ತದೆ.

ಈ ಎಲ್ಲದರಲ್ಲಿ ಕೊಲರಾಡೊದ ಕಥೆ ಸ್ವಲ್ಪ ನಿಂತು ನೋಡಬೇಕಾದದ್ದು. ಚಟವನ್ನು ರೋಗವೆಂದು ಕಾಣಬೇಕು, ಸಣ್ಣ ಪ್ರಮಾಣ ಇಟ್ಟುಕೊಂಡವರನ್ನು ಫೆಲೊನಿ ಎಂಬ ಘೋರ ಅಪರಾಧದ ಕಳಂಕಕ್ಕೆ ತಳ್ಳಬಾರದು ಎಂದು ಆ ರಾಜ್ಯ 2019ರಲ್ಲಿ ತೀರ್ಮಾನಿಸಿತ್ತು. 4 ಗ್ರಾಂವರೆಗಿನ ಬಹುತೇಕ ಮಾದಕಗಳು 2020ರ ಮಾರ್ಚ್‌ನಿಂದ ಮಿಸ್‌ಡಿಮೀನರ್, ಅಂದರೆ ಕಿರಿಯ ಅಪರಾಧವಾದವು. ಆ ಕಾನೂನು ಬರೆಯುವಾಗ ಶಾಸಕರ ಕಣ್ಣ ಮುಂದಿದ್ದದ್ದು ಹೆರಾಯಿನ್, ಮೆತ್ (ಮೆತಾಂಫೆಟಮೀನ್). ನಾಲ್ಕು ಗ್ರಾಂ ಎಂದರೆ ಸುಮಾರು 40 ನೀಲಿ ಮಾತ್ರೆ ಎಂದು ಲೆಕ್ಕ ಹಾಕುವ ಹೊತ್ತಿಗೆ ಡೆನ್ವರ್ ಸುತ್ತ ಸಾವು ಏರತೊಡಗಿತ್ತು. 2022ರ ಫೆಬ್ರವರಿಯಲ್ಲಿ ಕಾಮರ್ಸ್ ಸಿಟಿಯ ಒಂದೇ ಮನೆಯಲ್ಲಿ ಐವರು ಸತ್ತು ಬಿದ್ದಿದ್ದರು. ಅದೇ ವಸಂತದ ಅಧಿವೇಶನದಲ್ಲಿ ಎಚ್‌ಬಿ 22-1326 ಎಂಬ ಮಸೂದೆ ಬಂತು.

ಚರ್ಚೆಯ ಕೇಂದ್ರ ಒಂದೇ ಸಂಖ್ಯೆ. ಪ್ರಾಸಿಕ್ಯೂಟರ್‌ಗಳು ಮತ್ತು ಪೊಲೀಸರು ಎಷ್ಟೇ ಅಲ್ಪ ಪ್ರಮಾಣವಿದ್ದರೂ ಫೆಲೊನಿಯಾಗಲಿ ಎಂದರು. ಸಾರ್ವಜನಿಕ ಆರೋಗ್ಯದವರು ನಾಲ್ಕು ಗ್ರಾಂ ಹಾಗೇ ಇರಲಿ, ಚಟದವರು ಪೊಲೀಸರಿಗೆ ಹೆದರಿ ಒಬ್ಬೊಬ್ಬರೇ ಕದ್ದು ಸೇವಿಸಿ ಸಾಯುತ್ತಾರೆ ಎಂದರು. ಕೊನೆಗೆ ನಿಂತದ್ದು ಒಂದು ಗ್ರಾಂನಲ್ಲಿ. ಗವರ್ನರ್ ಜೇರೆಡ್ ಪೋಲಿಸ್ 2022ರ ಮೇ ತಿಂಗಳಲ್ಲಿ ಸಹಿ ಹಾಕಿದ ಕಾನೂನಿನಂತೆ ಒಂದು ಗ್ರಾಂ ಮೀರಿದ ಫೆಂಟನಿಲ್ ಮಿಶ್ರಣ ಇಟ್ಟುಕೊಳ್ಳುವುದು ಫೆಲೊನಿ. ಹಂಚಿದ್ದರಿಂದ ಸಾವಾದರೆ 8ರಿಂದ 32 ವರ್ಷ. ಅದರೊಂದಿಗೇ ಜೈಲುಗಳಲ್ಲಿ ಚಟಬಿಡಿಸುವ ಔಷಧ ಚಿಕಿತ್ಸೆಯ ಹೊಣೆ, ಫೆಂಟನಿಲ್‌ನ ಹಿಡಿತ ಬಿಡಿಸುವ ಮದ್ದಾದ ನಾಲೋಕ್ಸೋನ್ ಹಂಚಲು ಹಣವೂ ಸೇರಿದವು. ತನ್ನ ಬಳಿ ಇದ್ದುದರಲ್ಲಿ ಫೆಂಟನಿಲ್ ಬೆರೆತಿದೆ ಎಂದು ತಿಳಿದಿರಲಿಲ್ಲ ಎಂದು ವಾದಿಸಲು ಆರೋಪಿಗೆ ಒಂದು ಕಿಂಡಿಯನ್ನೂ ಬಿಟ್ಟರು. ಯಾರಿಗೂ ಪೂರ್ತಿ ಸಮಾಧಾನವಾಗದ ಕಾನೂನು ಇದು. ಆದರೂ ಶಿಕ್ಷೆಯನ್ನೂ ಚಿಕಿತ್ಸೆಯನ್ನೂ ಒಂದೇ ಹಾಳೆಯಲ್ಲಿ ಬರೆದ ಪ್ರಾಮಾಣಿಕತೆ ಅದಕ್ಕಿದೆ. ಬರೀ ವರ್ಷಗಳನ್ನು ಏರಿಸಿ ಕೈತೊಳೆದುಕೊಂಡ ರಾಜ್ಯಗಳಿಗೆ ಹೋಲಿಸಿದರೆ ಅದರ ಬೆಲೆ ತಿಳಿಯುತ್ತದೆ.

ತಿಳಿದಿರಬೇಕೇ?

ಕೊಲರಾಡೊ ಬಿಟ್ಟ ಆ ಕಿಂಡಿ ಸಣ್ಣದಲ್ಲ. ನಕಲಿ ಮಾತ್ರೆ ಕೊಂಡವನಿಗೆ ಅದು ಆಕ್ಸಿಕೋಡೋನ್ ಅಥವಾ ಝಾನಾಕ್ಸ್ ಎಂಬ ನಂಬಿಕೆ ಇರಬಹುದು. ಮಾರಿದ ಕಿರಿಯ ವ್ಯಾಪಾರಿಗೂ ಮೇಲಿನವರು ಏನು ಬೆರೆಸಿದರೆಂದು ತಿಳಿದಿರದೆ ಇರಬಹುದು. ತಿಳಿಯದೆ ಮಾಡಿದ್ದಕ್ಕೆ ಘೋರ ಶಿಕ್ಷೆ ಕೊಡಬಹುದೇ ಎಂಬುದು ಅಪರಾಧ ನ್ಯಾಯದ ಹಳೆಯ ಪ್ರಶ್ನೆ. ವಾಷಿಂಗ್ಟನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2021ರ ಬ್ಲೇಕ್ ತೀರ್ಪಿನಲ್ಲಿ, ಅರಿವಿಲ್ಲದಿದ್ದರೂ ಮಾದಕ ಇಟ್ಟುಕೊಂಡವರನ್ನು ಫೆಲೊನಿ ಅಪರಾಧಿಯಾಗಿಸುತ್ತಿದ್ದ ಕಾನೂನನ್ನೇ ಅಸಾಂವಿಧಾನಿಕವೆಂದು ಹೊಡೆದುಹಾಕಿತು. ಎರಡು ವರ್ಷದ ತಾತ್ಕಾಲಿಕ ಏರ್ಪಾಡಿನ ನಂತರ 2023ರಲ್ಲಿ ಶಾಸನಸಭೆ ಅರಿತು ಇಟ್ಟುಕೊಳ್ಳುವುದನ್ನು ಕಿರಿಯ ಅಪರಾಧಗಳಲ್ಲಿ ಗಂಭೀರ ಬಗೆಯದಾಗಿ ಮಾಡಿತು. ಒಕ್ಕೂಟದ ಮಟ್ಟದಲ್ಲಿ 2015ರ ಮ್ಯಾಕ್‌ಫ್ಯಾಡೆನ್ ತೀರ್ಪು, ಸದೃಶ ಮಾದಕಗಳ ಮೊಕದ್ದಮೆಯಲ್ಲೂ ಆರೋಪಿಯ ಅರಿವನ್ನು ಸಾಬೀತುಪಡಿಸಲೇಬೇಕೆಂದಿತು.

ಸಾವಿನ ಹೊಣೆ

ಮಗನನ್ನೋ ಮಗಳನ್ನೋ ಒಂದೇ ಮಾತ್ರೆಗೆ ಕಳೆದುಕೊಂಡ ತಾಯಿ ತಂದೆಯರು ಶಾಸನಸಭೆಗಳ ಮುಂದೆ ಫೋಟೊ ಹಿಡಿದು ನಿಂತ ವರ್ಷಗಳಿವು. ಹಲವು ಕಾನೂನುಗಳಿಗೆ ಆ ಮಕ್ಕಳ ಹೆಸರೇ ಇದೆ. ಅವರ ಮಾತು ನೇರ: ಇದು ಮಿತಿಮೀರಿದ ಸೇವನೆಯಲ್ಲ, ವಿಷಪ್ರಾಶನ, ಮಾರಿದವನು ಕೊಲೆಗಾರ. ಆ ಸಂಕಟದ ಮುಂದೆ ಯಾವ ಶಾಸಕನೂ ಇಲ್ಲವೆನ್ನಲಾರ.

ಈ ಬಗೆಯ ಕಾನೂನು ಫೆಂಟನಿಲ್‌ಗಿಂತ ಹಳೆಯದು. ನ್ಯೂಜೆರ್ಸಿ 1987ರಲ್ಲೇ, ಕೊಟ್ಟ ಮಾದಕದಿಂದ ಸಾವಾದರೆ ಕೊಟ್ಟವನ ಉದ್ದೇಶ ಏನಿದ್ದರೂ ಅವನೇ ಹೊಣೆ ಎಂದಿತ್ತು. ಪೆನ್ಸಿಲ್ವೇನಿಯಾದಲ್ಲಿ ಇದಕ್ಕೆ 40 ವರ್ಷದವರೆಗೆ ಶಿಕ್ಷೆ. ಫೆಂಟನಿಲ್ ಬಂದ ಮೇಲೆ ಹಳೆಯವು ಬಿಗಿಯಾದವು, ಹೊಸವು ಹುಟ್ಟಿದವು. ನಾರ್ತ್ ಕ್ಯಾರೊಲೈನ 2019ರಲ್ಲಿ ‘ಹಂಚಿಕೆಯಿಂದ ಸಾವು’ ಎಂಬ ಅಪರಾಧವನ್ನು ಮಾರಿದವರಿಗೆ ಮಾತ್ರ ಅನ್ವಯಿಸುವಂತೆ ಬರೆಯಿತು. 2023ರಲ್ಲಿ ಹಣ ಕೈಬದಲಾಗದೆ ಬರಿದೇ ಕೊಟ್ಟವರನ್ನೂ ಅದರೊಳಗೆ ತಂದಿತು. ವಿಸ್ಕಾನ್ಸಿನ್ ಅದೇ ವರ್ಷ ಗರಿಷ್ಠ ಶಿಕ್ಷೆಯನ್ನು 40ರಿಂದ 60 ವರ್ಷಕ್ಕೆ ಏರಿಸಿತು. 2024ರಲ್ಲಿ ಜಾರ್ಜಿಯಾದ ಆಸ್ಟಿನ್ ಕಾನೂನು, ಕೊಲ್ಲುವ ಉದ್ದೇಶವಿಲ್ಲದಿದ್ದರೂ 10ರಿಂದ 30 ವರ್ಷ ಅಥವಾ ಜೀವಾವಧಿ ಎಂದಿತು.

ಹೆಚ್ಚು ದೂರ ಹೋದದ್ದು ಟೆಕ್ಸಸ್. ಗವರ್ನರ್ ಗ್ರೆಗ್ ಅಬಟ್ 2023ರ ಜೂನ್‌ನಲ್ಲಿ ಸಹಿ ಮಾಡಿದ ಎಚ್‌ಬಿ 6 ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಫೆಂಟನಿಲ್ ತಯಾರಿಸಿ ಅಥವಾ ಕೊಟ್ಟು ಒಬ್ಬರ ಸಾವಿಗೆ ಕಾರಣವಾದರೆ ಅದು ನೇರವಾಗಿ ಕೊಲೆಯ ಕಲಮಿಗೆ ಬರುತ್ತದೆ. ಶಿಕ್ಷೆ 5ರಿಂದ 99 ವರ್ಷ, ಇಲ್ಲವೇ ಜೀವಾವಧಿ. ಮರಣ ಪ್ರಮಾಣಪತ್ರದಲ್ಲಿ ಮಿತಿಮೀರಿದ ಸೇವನೆ ಎನ್ನುವ ಬದಲು ಫೆಂಟನಿಲ್ ವಿಷಪ್ರಾಶನ ಎಂದು ಬರೆಯಬೇಕೆಂದೂ ಅದೇ ಕಾನೂನು ಹೇಳುತ್ತದೆ. ಒಂದು ಪದದ ಬದಲಾವಣೆಯಿಂದ ಸತ್ತವರ ಮೇಲಿನ ಕಳಂಕ ಕಳೆಯಲಿ ಎಂಬುದು ಮನೆಯವರ ಆಸೆಯಾಗಿತ್ತು, ಅದನ್ನು ಗೌರವಿಸಲೇಬೇಕು. ಅದೇ ಅಧಿವೇಶನದಲ್ಲಿ ಆರರಿಂದ ಹನ್ನೆರಡನೆಯ ತರಗತಿಯವರೆಗೆ ಫೆಂಟನಿಲ್ ಪಾಠ, ಶಾಲೆಗಳಲ್ಲಿ ನಾಲೋಕ್ಸೋನ್ ದಾಸ್ತಾನು ಕಡ್ಡಾಯವಾದವು. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಸುತ್ತ ನೆಲೆಸಿರುವ ಕನ್ನಡದ ಮನೆಗಳಿಗೆ ಈ ವಿಷಯ ಮುಟ್ಟಬಹುದಾದ ದಾರಿಗಳಲ್ಲಿ ಈ ಶಾಲಾ ಪಾಠವೂ ಒಂದು.

ಇಂಥ ಮೊಕದ್ದಮೆಯಲ್ಲಿ ಗಂಟಾಗುವುದು ಕಾರ್ಯಕಾರಣ ಸಂಬಂಧ. ಸತ್ತವರ ರಕ್ತದಲ್ಲಿ ಸಾಮಾನ್ಯವಾಗಿ ಒಂದಲ್ಲ, ಮೂರು ನಾಲ್ಕು ವಸ್ತುಗಳಿರುತ್ತವೆ: ಫೆಂಟನಿಲ್, ಮೆತ್, ಮದ್ಯ, ನಿದ್ರೆಮಾತ್ರೆ. ಕೊಂದದ್ದು ಯಾವುದು? 2014ರ ಬರೇಜ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಆರೋಪಿ ಕೊಟ್ಟ ಮದ್ದು ಇಲ್ಲದಿದ್ದರೆ ಆ ಸಾವು ಆಗುತ್ತಲೇ ಇರಲಿಲ್ಲ ಎಂದು ಸಾಬೀತಾಗಬೇಕು, ಸಾವಿಗೆ ಅದೂ ಒಂದಿಷ್ಟು ಕಾರಣ ಎಂದರೆ ಸಾಲದು ಎಂದಿತು. ಆ ತೀರ್ಪು ಒಕ್ಕೂಟದ ಕಾನೂನಿನ ಅರ್ಥ ಹೇಳುವುದರಿಂದ ರಾಜ್ಯಗಳನ್ನು ಕಟ್ಟಿಹಾಕುವುದಿಲ್ಲ. ಕೆಲವು ರಾಜ್ಯಗಳು ಅದೇ ಅಳತೆ ಹಿಡಿದವು, ಕೆಲವು ಗಣನೀಯ ಕಾರಣವಾಗಿದ್ದರೆ ಸಾಕು ಎಂದವು. ಅದಕ್ಕೇ ಮರಣೋತ್ತರ ಪರೀಕ್ಷೆ ಮಾಡುವ ವೈದ್ಯರ ಒಂದು ವಾಕ್ಯ, ಒಬ್ಬ ಯುವಕ ಐದು ವರ್ಷ ಜೈಲಿನಲ್ಲಿರುತ್ತಾನೋ ಐವತ್ತು ವರ್ಷವೋ ಎಂಬುದನ್ನು ತೀರ್ಮಾನಿಸುತ್ತದೆ.

ಇನ್ನೊಂದು ಪ್ರಶ್ನೆ ಮನಸ್ಸನ್ನು ಕಾಡುವಂಥದು: ಈ ಬಲೆಗೆ ಬೀಳುತ್ತಿರುವವರು ಯಾರು? ಶಾಸಕರ ಭಾಷಣದಲ್ಲಿ ಬರುವವನು ಮೆಕ್ಸಿಕೊದ ಸಿನಲೋವ ಜಾಲದ ಸರದಾರ. ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲುವವರಲ್ಲಿ ದೊಡ್ಡ ಪಾಲು ಸತ್ತವರ ಗೆಳೆಯರು, ಒಡಹುಟ್ಟಿದವರು, ಜೊತೆಗೆ ಬಾಳುತ್ತಿದ್ದವರು. ಇಬ್ಬರ ಹಣ ಕೂಡಿಸಿ ತಂದು ಹಂಚಿಕೊಂಡವರು, ತಾವೂ ಅದೇ ಮದ್ದಿನ ದಾಸರು. ಮ್ಯಾಸಚೂಸೆಟ್ಸ್‌ನ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಇಂಥದ್ದೇ ಪ್ರಕರಣ ವಿಚಾರಿಸಿತು. ಒಬ್ಬ ವಿದ್ಯಾರ್ಥಿ ತನಗಾಗಿ ಹೆರಾಯಿನ್ ತರಲು ಹೋದಾಗ ಇನ್ನೊಬ್ಬ ವಿದ್ಯಾರ್ಥಿಗೂ ತಂದುಕೊಟ್ಟಿದ್ದ, ಎರಡನೆಯವನು ಸತ್ತ. ಹೆರಾಯಿನ್ ಕೊಟ್ಟದ್ದಷ್ಟರಿಂದಲೇ ನರಹತ್ಯೆಯಾಗದು, ಆ ಸನ್ನಿವೇಶದಲ್ಲಿ ಸಾವಿನ ಸಂಭವ ಹೆಚ್ಚಿತ್ತೆಂದು ತೋರಿಸಬೇಕು ಎಂದು ನ್ಯಾಯಾಲಯ ನರಹತ್ಯೆಯ ಶಿಕ್ಷೆ ರದ್ದುಮಾಡಿತು. ಬೇರೆ ರಾಜ್ಯದಲ್ಲಾಗಿದ್ದರೆ ಆತ ದಶಕಗಟ್ಟಲೆ ಒಳಗಿರುತ್ತಿದ್ದ.

ಇದರ ಪರಿಣಾಮ ಪಕ್ಕದಲ್ಲಿ ನರಳುತ್ತಿರುವವನ ಮೇಲೂ ಆಗುತ್ತದೆ. ಉಸಿರು ನಿಲ್ಲುತ್ತಿರುವವನಿಗೆ ನಾಲೋಕ್ಸೋನ್ ಮೂಗಿಗೆ ಸಿಂಪಡಿಸಿ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದರೆ ಬಹಳ ಸಲ ಜೀವ ಉಳಿಯುತ್ತದೆ. ಕರೆ ಮಾಡಿದವರಿಗೆ ರಕ್ಷಣೆ ಕೊಡುವ ‘ಗುಡ್ ಸಮಾರಿಟನ್’ ಕಾನೂನನ್ನು 2007ರಲ್ಲಿ ನ್ಯೂಮೆಕ್ಸಿಕೊ ಮೊದಲು ಮಾಡಿತು, ಈಗ ಬಹುತೇಕ ಎಲ್ಲ ರಾಜ್ಯಗಳಲ್ಲಿದೆ. ಆದರೆ ಆ ರಕ್ಷಣೆ ಸಾಮಾನ್ಯವಾಗಿ ಮಾದಕ ಇಟ್ಟುಕೊಂಡ ಅಪರಾಧಕ್ಕೆ ಮಾತ್ರ. ಗೆಳೆಯ ಸತ್ತುಹೋದರೆ ನರಹತ್ಯೆಯ ಆರೋಪದಿಂದ ಕಾಪಾಡುವುದಿಲ್ಲ. ಫೋನ್ ಕೈಗೆತ್ತಿಕೊಂಡವನು ಈ ಲೆಕ್ಕ ಹಾಕುತ್ತ ಒಂದು ನಿಮಿಷ ತಡೆದರೂ ಸಾಕು. ಮಿದುಳಿಗೆ ಆಮ್ಲಜನಕವಿಲ್ಲದೆ ಉಳಿಯಬಲ್ಲ ಕಾಲ ನಾಲ್ಕೈದು ನಿಮಿಷ. ಕೊಲೆಯ ಕಲಮು ಬರೆಯುವಾಗ ಶಾಸಕರು ಈ ನಿಮಿಷವನ್ನು ಮರೆಯಬಾರದಿತ್ತು ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ಸೇವಿಸುವವರ ಮೇಲಿನ ಕಾನೂನು

ಪಶ್ಚಿಮ ಕರಾವಳಿಯ ಎರಡು ರಾಜ್ಯಗಳು ಒಂದು ದಿಕ್ಕಿಗೆ ಹೋಗಿ ಮರಳಿ ಬಂದವು. ಓರೆಗಾನ್‌ನ ಮತದಾರರು 2020ರ ನವೆಂಬರ್‌ನಲ್ಲಿ ಶೇ 58ರಷ್ಟು ಮತದಿಂದ ಮೆಷರ್ 110 ಒಪ್ಪಿದರು. 2021ರ ಫೆಬ್ರವರಿಯಿಂದ ಅಲ್ಲಿ ಸ್ವಂತ ಬಳಕೆಯ ಮಾದಕಕ್ಕೆ ಬಂಧನವಿಲ್ಲ, ನೂರು ಡಾಲರ್ ದಂಡದ ಚೀಟಿಯಷ್ಟೇ. ಸಹಾಯವಾಣಿಗೆ ಕರೆ ಮಾಡಿದರೆ ಅದೂ ಮಾಫಿ. ಆದರೆ ಚಿಕಿತ್ಸೆಯ ಹಣ ತಲುಪುವುದು ತಡವಾಯಿತು, ಪೋರ್ಟ್‌ಲ್ಯಾಂಡಿನ ಬೀದಿಗಳಲ್ಲಿ ಬಹಿರಂಗ ಸೇವನೆ ಕಣ್ಣಿಗೆ ರಾಚಿತು, ಮತ್ತು ಅದೇ ತಿಂಗಳುಗಳಲ್ಲಿ ಫೆಂಟನಿಲ್ ಪಶ್ಚಿಮಕ್ಕೆ ಕಾಲಿಟ್ಟಿತು. ಗವರ್ನರ್ ಟೀನಾ ಕೋಟೆಕ್ 2024ರ ಏಪ್ರಿಲ್ 1ರಂದು ಸಹಿ ಹಾಕಿದ ಎಚ್‌ಬಿ 4002 ಸೆಪ್ಟೆಂಬರ್‌ನಿಂದ ಮಾದಕ ಇಟ್ಟುಕೊಳ್ಳುವುದನ್ನು ಮತ್ತೆ ಅಪರಾಧವಾಗಿಸಿತು: 180 ದಿನದವರೆಗೆ ಜೈಲು, ಆದರೆ ಮೊದಲು ಚಿಕಿತ್ಸೆಯ ದಾರಿ. ಸಾವು ಏರಿದ್ದಕ್ಕೆ ಮೆಷರ್ 110 ಕಾರಣವೇ ಎಂಬ ವಾದ ಮುಗಿದಿಲ್ಲ. ಫೆಂಟನಿಲ್ ಆ ರಾಜ್ಯಕ್ಕೆ ಹರಡಿದ ಕಾಲವನ್ನು ಲೆಕ್ಕಕ್ಕೆ ಹಿಡಿದರೆ ಎರಡರ ನಡುವೆ ಸಂಬಂಧ ಕಾಣುವುದಿಲ್ಲ ಎಂದು 2024ರಲ್ಲಿ ಜಾಮಾ ನೆಟ್‌ವರ್ಕ್ ಓಪನ್ ಪತ್ರಿಕೆಯ ಅಧ್ಯಯನವೊಂದು ಹೇಳಿತು.

ಕ್ಯಾಲಿಫೋರ್ನಿಯಾದಲ್ಲಿ 2014ರಲ್ಲಿ ಮತದಾರರು ಒಪ್ಪಿದ ಪ್ರಾಪ್ 47 ಎಂಬ ಪ್ರಸ್ತಾವ ಮಾದಕ ಇಟ್ಟುಕೊಳ್ಳುವುದನ್ನು ಕಿರಿಯ ಅಪರಾಧಕ್ಕೆ ಇಳಿಸಿತ್ತು. 2024ರ ನವೆಂಬರ್‌ನಲ್ಲಿ ಸುಮಾರು ಶೇ 68ರಷ್ಟು ಮತ ಪಡೆದ ಪ್ರಾಪ್ 36, ಎರಡು ಸಲ ಶಿಕ್ಷೆಯಾದವರು ಮೂರನೆಯ ಸಲ ಸಿಕ್ಕರೆ ‘ಚಿಕಿತ್ಸೆ ಕಡ್ಡಾಯದ ಫೆಲೊನಿ’ ಎಂಬ ಹೊಸ ಬಗೆ ತಂದಿತು. ಚಿಕಿತ್ಸೆ ಮುಗಿಸಿದರೆ ಆರೋಪ ವಜಾ, ನಿರಾಕರಿಸಿದರೆ ಮೂರು ವರ್ಷದವರೆಗೆ ಸೆರೆ. ಚಿಕಿತ್ಸಾ ಕೇಂದ್ರವೇ ಇಲ್ಲದ ಜಿಲ್ಲೆಯಲ್ಲಿ ಕಡ್ಡಾಯ ಚಿಕಿತ್ಸೆ ಎಂದರೇನು ಎಂಬ ಪ್ರಶ್ನೆಯನ್ನು ಅದು ಮುಂದಕ್ಕೆ ತಳ್ಳಿತು. ಮಾರಿ ಶಿಕ್ಷೆಗೊಳಗಾದವನಿಗೆ ನ್ಯಾಯಾಧೀಶರು ಎಚ್ಚರಿಕೆ ಕೊಡಬೇಕು. ಮುಂದೆ ಅವನಿಂದ ಯಾರಾದರೂ ಸತ್ತರೆ ಅಪಾಯ ತಿಳಿದೂ ಮಾರಿದನೆಂದು ಕೊಲೆಯ ಆರೋಪ ಹೊರಿಸಲು ಆ ಎಚ್ಚರಿಕೆ ಸಾಕ್ಷಿಯಾಗಬಹುದು. ಕುಡಿದು ವಾಹನ ಓಡಿಸುವವರಿಗೆ ಆ ರಾಜ್ಯ ಕೊಡುತ್ತಿದ್ದ ಎಚ್ಚರಿಕೆಯ ಪಡಿಯಚ್ಚು ಇದು. ‘ಗೊತ್ತಿರಲಿಲ್ಲ’ ಎಂಬ ಮಾತಿಗೆ ಕಂಡುಕೊಂಡ ಚತುರ ಉತ್ತರ ಎನ್ನಬೇಕು.

ಹೊಸ ರಾಸಾಯನಿಕಗಳು

ಒಂದು ಅಣುವನ್ನು ನಿಷೇಧಿಸಿದರೆ ರಸಾಯನಶಾಸ್ತ್ರಜ್ಞ ಅದರ ಒಂದು ಕೊಂಡಿ ಬದಲಿಸಿ ಮತ್ತೊಂದನ್ನು ಮಾಡುತ್ತಾನೆ. ಆದ್ದರಿಂದ ಹೆಸರು ಹಿಡಿದು ನಿಷೇಧಿಸುವ ಬದಲು ರಚನೆಯ ಆಧಾರದಲ್ಲಿ ಇಡೀ ವರ್ಗವನ್ನೇ ನಿಷೇಧಿಸುವ ದಾರಿ ಬಂತು. ಡಿಇಎ 2018ರ ಫೆಬ್ರವರಿಯಲ್ಲಿ ತಾತ್ಕಾಲಿಕವಾಗಿ ಮಾಡಿದ್ದನ್ನು 2025ರ ಜುಲೈನಲ್ಲಿ ಹಾಲ್ಟ್ ಫೆಂಟನಿಲ್ ಕಾಯ್ದೆ ಶಾಶ್ವತಗೊಳಿಸಿತು. ಅನೇಕ ರಾಜ್ಯಗಳ ಪಟ್ಟಿಗಳಲ್ಲೂ ಇಂಥ ವರ್ಗಕಲಮುಗಳಿವೆ. ವರ್ಗದೊಳಗೆ ನಿರುಪದ್ರವಿಯಾದ, ಪ್ರತಿವಿಷವೂ ಆಗಬಹುದಾದ ಅಣುಗಳು ಸಿಕ್ಕಿಬಿದ್ದು ಸಂಶೋಧನೆ ಸೊರಗುತ್ತದೆ ಎಂಬ ವಿಜ್ಞಾನಿಗಳ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. 1950ರ ದಶಕದಲ್ಲಿ ಸ್ವಿಸ್ ಪ್ರಯೋಗಾಲಯದಲ್ಲಿ ಹುಟ್ಟಿ ಎಂದೂ ಔಷಧವಾಗದೆ ಉಳಿದ ನಿಟಾಜೀನ್‌ಗಳು ಫೆಂಟನಿಲ್ ವರ್ಗಕ್ಕೆ ಸೇರುವುದೇ ಇಲ್ಲ; ಅವಕ್ಕೆ ರಾಜ್ಯಗಳು ಬೇರೆಯಾಗಿ ಪಟ್ಟಿ ಮಾಡಬೇಕಾಯಿತು.

ಫೆಂಟನಿಲ್ ಇದೆಯೇ ಎಂದು ಮೊದಲೇ ತೋರಿಸುವ ಒಂದೆರಡು ಡಾಲರಿನ ಪರೀಕ್ಷಾ ಪಟ್ಟಿಯೂ ಬಹುಕಾಲ ಅಪರಾಧದ ಸಲಕರಣೆಗಳ ಪಟ್ಟಿಯಲ್ಲಿತ್ತು. ಬಹುಪಾಲು ರಾಜ್ಯಗಳು ಈಗ ಅದನ್ನು ಬಿಡುಗಡೆ ಮಾಡಿವೆ. ಟೆಕ್ಸಸ್‌ನಲ್ಲಿ ಆ ಮಸೂದೆ 2023ರಲ್ಲಿ ಕೆಳಮನೆಯಲ್ಲಿ ಗೆದ್ದು ಸೆನೆಟ್‌ನಲ್ಲಿ ನಿಂತುಹೋಯಿತು.

ಪರಿಣಾಮ

ಮಾದಕಗಳಿಂದ ಅಮೆರಿಕದಲ್ಲಿ 2022ರಲ್ಲಿ 1,07,941 ಮಂದಿ ಸತ್ತರು. ಅದರಲ್ಲಿ 73,838 ಸಾವಿನಲ್ಲಿ ಫೆಂಟನಿಲ್ ಮೊದಲಾದ ಕೃತಕ ಒಪಿಯಾಯ್ಡ್‌ಗಳಿದ್ದವು. 2023ರಲ್ಲಿ ಒಟ್ಟು 1,05,007. 2024ರಲ್ಲಿ ಅದು ಸುಮಾರು 80,000ಕ್ಕೆ ಇಳಿಯಿತು. ಕಠಿಣ ಕಾನೂನು ಮಾಡಿದ ರಾಜ್ಯಗಳಲ್ಲೂ ಮಾಡದ ರಾಜ್ಯಗಳಲ್ಲೂ ಇಳಿಕೆ ಕಂಡುಬಂದದ್ದರಿಂದ ಶ್ರೇಯವನ್ನು ಯಾವುದೋ ಒಂದಕ್ಕೆ ಕಟ್ಟುವುದು ಕಷ್ಟ. 2023ರಿಂದ ಚೀಟಿಯಿಲ್ಲದೆ ಔಷಧ ಅಂಗಡಿಯಲ್ಲಿ ಸಿಗುತ್ತಿರುವ ನಾಲೋಕ್ಸೋನ್, ಬದಲಾದ ಸರಬರಾಜು, ಈಗಾಗಲೇ ಸತ್ತುಹೋದ ಒಂದು ಪೀಳಿಗೆ, ಎಲ್ಲವೂ ಲೆಕ್ಕದಲ್ಲಿವೆ. ಶಿಕ್ಷೆ ಹೆಚ್ಚಿದರೆ ಬಳಕೆ ಇಳಿಯುತ್ತದೆಯೇ ಎಂದು ರಾಜ್ಯವಾರು ಹೋಲಿಸಿದ ಪ್ಯೂ ಸಂಸ್ಥೆಯ 2018ರ ವಿಶ್ಲೇಷಣೆಗೆ, ಮಾದಕ ಅಪರಾಧದ ಸೆರೆವಾಸದ ಪ್ರಮಾಣಕ್ಕೂ ಬಳಕೆ, ಬಂಧನ, ಸಾವು ಈ ಮೂರಕ್ಕೂ ಗಣನೀಯ ಸಂಬಂಧ ಸಿಗಲಿಲ್ಲ. ಇಂಡಿಯಾನಾಪೊಲಿಸ್ ಇರುವ ಮೇರಿಯನ್ ಕೌಂಟಿಯ ಅಧ್ಯಯನ ಇನ್ನೂ ಕಳವಳಕಾರಿ: ಪೊಲೀಸರು ಒಪಿಯಾಯ್ಡ್ ವಶಪಡಿಸಿಕೊಂಡ ಮುಂದಿನ ಮೂರು ವಾರದಲ್ಲಿ ಅದೇ ಸುತ್ತಮುತ್ತ ಸಾವುಗಳು ಹೆಚ್ಚಿದ್ದವು ಎಂದು 2023ರಲ್ಲಿ ಪ್ರಕಟವಾದ ಅದರ ಫಲಿತಾಂಶ ಹೇಳಿತು. ಪರಿಚಿತ ಮಾರಾಟಗಾರ ಸೆರೆಯಾದ ಮೇಲೆ ಚಟದವರು ಅಪರಿಚಿತನಿಂದ ಎಷ್ಟು ಬಲದ್ದೆಂದು ತಿಳಿಯದ ಮದ್ದು ಕೊಳ್ಳುತ್ತಾರೆ ಎಂಬುದು ಸಂಶೋಧಕರು ಊಹಿಸಿದ ಕಾರಣ.

ಒಂದು ಮದ್ದನ್ನು ತಡೆದರೆ ಅದರ ಜಾಗಕ್ಕೆ ಅಪರಿಚಿತವಾದ ಮತ್ತೊಂದು ಬರುವುದಕ್ಕೆ ಫಿಲಡೆಲ್ಫಿಯಾ ಹತ್ತಿರದ ಉದಾಹರಣೆ. ಅಲ್ಲಿ ಫೆಂಟನಿಲ್ ಜೊತೆ ಬೆರೆಸುತ್ತಿದ್ದ ಝೈಲಜೀನ್ ಎಂಬ ಪಶುವೈದ್ಯರ ಮದ್ದು ಸೇವಿಸುವವರ ಕೈಕಾಲುಗಳಲ್ಲಿ ಕೊಳೆತ ಹುಣ್ಣು ಎಬ್ಬಿಸುತ್ತಿತ್ತು. ಪೆನ್ಸಿಲ್ವೇನಿಯಾ 2023ರಲ್ಲಿ ಅದನ್ನು ತಾತ್ಕಾಲಿಕವಾಗಿ, 2024ರಲ್ಲಿ ಶಾಶ್ವತವಾಗಿ ನಿಯಂತ್ರಿತ ಪಟ್ಟಿಗೆ ಸೇರಿಸಿತು. 2024 ಮುಗಿಯುವ ಹೊತ್ತಿಗೆ ಆ ನಗರದ ಪುಡಿಯಲ್ಲಿ ಝೈಲಜೀನ್ ಕಡಿಮೆಯಾಗಿ ಅದರ ಜಾಗಕ್ಕೆ ಮೆಡೆಟೊಮಿಡೀನ್ ಬಂದಿತ್ತು. ಅದೂ ಪ್ರಾಣಿಗಳ ಮಂಪರು ಮದ್ದೇ, ಆದರೆ ಇನ್ನಷ್ಟು ಪ್ರಬಲ. ನಾಲೋಕ್ಸೋನ್ ಫೆಂಟನಿಲ್‌ನ ಹಿಡಿತವನ್ನು ಬಿಡಿಸಿದರೂ ಇದರದನ್ನು ಬಿಡಿಸಲಾರದು. ಅದನ್ನು ನಿಲ್ಲಿಸಿದವರು ನಡುಕ, ವಾಂತಿ, ಏರಿದ ರಕ್ತದೊತ್ತಡದೊಂದಿಗೆ ತೀವ್ರ ನಿಗಾ ಘಟಕ ಸೇರತೊಡಗಿದರು.